ಮೊದಲು ಫ್ಯಾನ್, ಆಮೇಲೆ ಗನ್

ಎಲ್ಲರಿಗೂ ನಮಸ್ಕಾರ. ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಈ ಬಿಸಿಲಲ್ಲಿ ಕೊಪ್ಪಳಕ್ಕೆ ಬಂದಿದ್ದೀರಿ. ಮುಖ್ಯೋಪಾಧ್ಯಾಯರಿದ್ದೀರಿ, ಐಟಿಐ ಬೋಧಕರಿದ್ದೀರಿ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ತಾಯಂದಿರೂ ಇದ್ದೀರಿ. ವರ್ಕ್‌ಶಾಪಿನಲ್ಲಿ ಹುಡುಗರಿಗೆ ಪೇಂಟಿಂಗ್ ಕಲಿಸುತ್ತಲೇ ನಾನು ಮುದುಕನಾದವನು. ಇವತ್ತು ಸ್ಪ್ರೇ ಬೂತಿನ, ಅಂದರೆ ಗನ್ನಿನಿಂದ ಬಣ್ಣ ಸಿಂಪಡಿಸುವ ಕೋಣೆಯ, ಬೆಂಕಿಯ ಬಗ್ಗೆ ಮಾತಾಡುತ್ತೇನೆ.

ಒಂದು ಶನಿವಾರ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಬೆಂಚುಗಳಿಗೆ ಪಾಲಿಶ್ ಮುಗಿದಿತ್ತು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ಹುಡುಗರು ಮುದ್ದೆ ಮಾಡಿ, ಬೂತಿನ ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಗೆ ತುರುಕಿದ್ದರು. ಬೀಗ ಹಾಕಿದವನು ನಾನೇ. ರಾತ್ರಿ ಕಾವಲುಗಾರ ಮನೆಗೆ ಓಡಿ ಬಂದ: "ಸರ, ಒಳಗ ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ, ಲಗೂನ ಬರ್ರಿ." ಹೋಗಿ ನೋಡಿದರೆ ಡಬ್ಬಿಯ ನಡುಮಧ್ಯೆ ಬಟ್ಟೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಕಡ್ಡಿ ಗೀರಿದವರಿಲ್ಲ, ಕರೆಂಟೂ ಇರಲಿಲ್ಲ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಹರವಿದ ಬಟ್ಟೆಯಾದರೆ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆಯೊಳಗೆ ಮಾತ್ರ ಅಲ್ಲೇ ಕೂತು ಬೆಳೆಯುತ್ತದೆ. ಆ ಡಬ್ಬಿಯಿಂದ ಎರಡು ಗೇಣು ದೂರದ ಗೋಡೆಯ ಮೇಲೆ ವರ್ಷದ ಎನ್‌ಸಿ ಲ್ಯಾಕರ್ ಪುಡಿ ಮೆತ್ತಿಕೊಂಡಿತ್ತು. ನೈಟ್ರೋಸೆಲ್ಯುಲೋಸ್ ಅದು, ಒಣಗಿದರೂ ಭರ್ರನೆ ಉರಿಯುವ ವಸ್ತು. ಕಾವಲುಗಾರನ ಮೂಗು ನಮ್ಮನ್ನು ಉಳಿಸಿತು.

ಪಕ್ಕದ ಕಿನ್ನಾಳದ ಕಲಾವಿದರು ಗೊಂಬೆಗೆ ಕುಂಚದಿಂದ ಬಣ್ಣ ಹಚ್ಚುವುದನ್ನು ನೀವೆಲ್ಲ ನೋಡಿದ್ದೀರಿ. ಕುಂಚದ ಬಣ್ಣ ಕಟ್ಟಿಗೆಗೆ ಹತ್ತುತ್ತದೆ. ಗನ್ ಅದನ್ನೇ ಮಂಜು ಮಾಡಿ ಹಾರಿಸುತ್ತದೆ. ಸ್ವಲ್ಪ ಬೆಂಚಿಗೆ ಹತ್ತಿತು, ಉಳಿದದ್ದು ಗೋಡೆ, ಫಿಲ್ಟರ್, ಗಾಳಿ ಹೊರಗೊಯ್ಯುವ ಡಕ್ಟ್ ಸೇರಿತು. ಬಣ್ಣ ತೆಳುಮಾಡಲು ಬೆರೆಸಿದ ಥಿನ್ನರ್ ಆವಿಯಾಗಿ ಕೆಳಗಿಳಿಯಿತು. ಥಿನ್ನರಿನಲ್ಲಿರುವ ಟೊಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ನೆಲದ ಮೇಲೆ ನೀರಿನ ಹಾಗೆ ಹರಿಯುತ್ತದೆ. ಅದಕ್ಕೇ ಛಾವಣಿಯ ಹತ್ತಿರ ಒಂದು ಫ್ಯಾನ್ ಕೂರಿಸಿ ಎಕ್ಸಾಸ್ಟ್ ಆಯಿತು ಅಂದುಕೊಂಡರೆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಬಿಸಿಲಿಗೂ ಇದಕ್ಕೂ ನಂಟಿದೆ. ಟೊಲುಯೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೇ ಬಿಡುತ್ತದೆ. ಇವು ವರ್ಷವಿಡೀ ಅಪಾಯವೇ. ಮಿನರಲ್ ಟರ್ಪಂಟೈನ್ ಮಾತ್ರ 40ರ ಆಸುಪಾಸಿನದು. ಚಳಿಗಾಲದಲ್ಲಿ ಸುಮ್ಮನಿರುವ ಅದು, ತಗಡಿನ ಶೆಡ್ಡಿನೊಳಗೆ ಏಪ್ರಿಲ್ ಬಂತೆಂದರೆ ಪೆಟ್ರೋಲಿನ ಸಾಲಿಗೆ ಬಂದು ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಏನೂ ಆಗಲಿಲ್ಲವೆಂಬ ಧೈರ್ಯದಲ್ಲಿ ಮೇ ತಿಂಗಳ ಕೆಲಸ ಮಾಡಬೇಡಿ. ಗಾಳಿಯ ನೂರು ಪಾಲಿನಲ್ಲಿ ಟೊಲುಯೀನ್ ಆವಿ ಒಂದು ಪಾಲಿಗಿಂತ ಚೂರು ಹೆಚ್ಚಾದರೆ ಸಾಕು, ಹೊತ್ತಿಕೊಳ್ಳುತ್ತದೆ. ಆ ಮಿತಿಯ ಕಾಲು ಭಾಗವನ್ನೂ ದಾಟದಂತೆ ಗಾಳಿ ಎಳೆಯಬೇಕು ಎನ್ನುತ್ತದೆ ಅಮೆರಿಕದ ಎನ್‌ಎಫ್‌ಪಿಎ 33. ಸ್ಪ್ರೇ ಕೆಲಸಕ್ಕೆಂದೇ ಬರೆದ ಮಾನದಂಡ ಅದು.

ಹಾಗಾಗಿ ಬೆಂಕಿ ಆರಿಸುವ ಸಿಲಿಂಡರಿನ ಮಾತಿಗೆ ಮೊದಲು ಫ್ಯಾನಿನ ಮಾತು. ಫ್ಯಾನ್ ತಿರುಗದಿದ್ದರೆ ಗನ್ನಿಗೆ ಗಾಳಿಯೇ ಹೋಗಬಾರದು. ಕಂಪ್ರೆಸರ್ ಪೈಪಿಗೆ ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿ, ಎಕ್ಸಾಸ್ಟ್ ಗಾಳಿ ಹರಿಯುತ್ತಿದ್ದರೆ ಮಾತ್ರ ಅದು ತೆರೆಯುವಂತೆ ಜೋಡಿಸಬೇಕು. ನಮ್ಮಲ್ಲಿ ಹುಡುಗರು ವರ್ಷವರ್ಷವೂ ಹೊಸಬರು. ಹದಿನಾರು ವರ್ಷದ ಹುಡುಗನ ನೆನಪಿನ ಮೇಲೆ ಬೂತನ್ನು ಬಿಡಬಾರದು, ಅವನು ಮರೆತರೂ ವಾಲ್ವ್ ಮರೆಯಬಾರದು. ಫ್ಯಾನಿನ ಮೋಟಾರು ಆವಿ ಹೋಗುವ ದಾರಿಯಲ್ಲಿರಬಾರದು. ದೀಪಗಳು ಗಾಜಿನಾಚೆ ಇರಲಿ. ಗನ್ನಿಗೂ ಬಣ್ಣ ಹಚ್ಚುವ ಕಬ್ಬಿಣಕ್ಕೂ ಅರ್ಥಿಂಗ್ ಇರಲಿ.

ಇನ್ನು ಬೆಂಕಿ ಆರಿಸುವ ಸಾಧನ. ಬೆಂಕಿಯ ಬಿಸಿಗೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರಿನ ಬಾಯಲ್ಲಿ ಬೆರಳ ತುದಿಗಿಂತ ಸಣ್ಣ ಗಾಜಿನ ಕೊಳವೆ ಇರುತ್ತದೆ, ಒಳಗೆ ಕೆಂಪು ದ್ರವ. 68 ಡಿಗ್ರಿಗೆ ಅದು ಒಡೆದರೆ ನೀರು ಬರುತ್ತದೆ. ಒಂದು ಶಾಲೆಯಲ್ಲಿ ಆ ಗಾಜು ಹುಡುಕಿದರೂ ಕಾಣಲಿಲ್ಲ ನನಗೆ. ಬೆಂಚಿನ ಬೂದು ಪ್ರೈಮರ್ ಪದರಪದರವಾಗಿ ಅದನ್ನು ಮುಚ್ಚಿಬಿಟ್ಟಿತ್ತು. ಅಷ್ಟು ದಪ್ಪ ಬಣ್ಣದೊಳಗೆ ಬಿಸಿ ಮುಟ್ಟುವಷ್ಟರಲ್ಲಿ ಬೂತೇ ಉಳಿದಿರುವುದಿಲ್ಲ. ಸ್ಪ್ರಿಂಕ್ಲರಿನ ಬಾಯಿಗೆ ತೆಳು ಸೆಲೋಫೇನ್ ಅಥವಾ ತೆಳು ಕಾಗದದ ಚೀಲ ಹಾಕಿ, ಬಣ್ಣ ಮೆತ್ತಿದ ಹಾಗೆಲ್ಲ ಬದಲಿಸಬೇಕು. ದಪ್ಪ ಪ್ಲಾಸ್ಟಿಕ್ ಕಟ್ಟಬೇಡಿ. ಫಿಲ್ಟರಿನ ಹಿಂದೆ, ಡಕ್ಟಿನೊಳಗೆ ಕೂಡ ರಕ್ಷಣೆ ಬೇಕು, ಮೆತ್ತಿದ ಬಣ್ಣವೆಲ್ಲ ಇರುವುದು ಅಲ್ಲೇ. ಡ್ರೈ ಪೌಡರ್ ವ್ಯವಸ್ಥೆಯಾದರೆ ಅದು ಚಿಮ್ಮಿದ ಕೂಡಲೇ ಫ್ಯಾನೂ ಗನ್ನೂ ನಿಲ್ಲಬೇಕು, ಇಲ್ಲದಿದ್ದರೆ ಪುಡಿಯನ್ನೆಲ್ಲ ಫ್ಯಾನೇ ಹೊರಗೆಳೆದು ಹಾಕುತ್ತದೆ. ಕೈಯಲ್ಲಿ ಹಿಡಿಯುವ ಎಬಿಸಿ ಪೌಡರ್ ಸಿಲಿಂಡರ್ ಬಾಗಿಲ ಹೊರಗಿರಲಿ. ಉರಿಯುವ ಥಿನ್ನರಿಗೆ ಬಕೆಟ್ ನೀರು ಎರಚಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ. ಮತ್ತೆ, ಸಿಲಿಂಡರ್ ಹಿಡಿಯುವವರು ಮೇಷ್ಟ್ರು. ಮಕ್ಕಳು ಹೊರಗೆ ಓಡಬೇಕು, ಹಾಜರಿ ಕರೆಯಬೇಕು, 112ಕ್ಕೆ ಫೋನ್ ಹೋಗಬೇಕು.

ದಿನದ ಕೆಲಸವೂ ಇದೆ. ಹಿತ್ತಾಳೆಯ ಕೆರೆಯುವ ಪಟ್ಟಿಯಿಂದ ಗೋಡೆ ಕೆರೆಯಿರಿ, ಕಬ್ಬಿಣ ಕಿಡಿ ಹಾರಿಸುತ್ತದೆ. ತೆಗೆದ ಫಿಲ್ಟರ್, ಎಣ್ಣೆ ಬಟ್ಟೆ ನೀರು ತುಂಬಿದ ಮುಚ್ಚಳದ ಡ್ರಮ್ಮಿಗೆ ಹೋಗಲಿ. ಬೂತಿನಲ್ಲಿ ಆ ದಿನದ ಬಣ್ಣ ಬಿಟ್ಟು ಇನ್ನೊಂದು ಡಬ್ಬಿ ಬೇಡ.

ದುಡ್ಡೆಲ್ಲಿದೆ ಎಂದು ಹಿಂದಿನ ಸಾಲಿನಿಂದ ಕೇಳಿದಿರಿ. ಕುಂಭಕೋಣಂ ಶಾಲೆಯಲ್ಲಿ 2004ರ ಜುಲೈ 16ರಂದು 94 ಮಕ್ಕಳು ಬೆಂದುಹೋದರು. ಅದಾದ ಮೇಲೆ, 2009ರಲ್ಲಿ, ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪನ್ನು ಅರ್ಜಿಗೆ ಲಗತ್ತಿಸಿ ದುಡ್ಡು ಕೇಳಿ. ಬರುವವರೆಗೆ ಗನ್ ಕೆಳಗಿಟ್ಟು ಕುಂಚದಿಂದ ಕಲಿಸಿ.

ಊಟ ಆದ ಮೇಲೆ ಇಲ್ಲಿನ ಬೂತಿಗೆ ಹೋಗೋಣ. ಗನ್ನಿನಲ್ಲಿ ಬಣ್ಣ ಇರುವುದಿಲ್ಲ. ಫ್ಯಾನ್ ಆರಿಸಿ ಟ್ರಿಗರ್ ಒತ್ತಿ ನೋಡೋಣ. ಗಾಳಿ ಬಂದರೆ ಬೂತಿಗೆ ಇವತ್ತೇ ಬೀಗ.