ಅಡಿಕೆಗೆ ಸೊಸೈಟಿ ಇದೆ, ಈರುಳ್ಳಿಗೆ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ರೈತ ದೇಶದ ಬೆನ್ನೆಲುಬು ಅಂತ ಈ ವೇದಿಕೆಯಲ್ಲಿ ಇಷ್ಟು ಹೊತ್ತಾದರೂ ಯಾರೂ ಹೇಳಲಿಲ್ಲ. ಸಮಾಧಾನ ಆಯಿತು. ಆ ಮಾತು ಕೇಳಿ ಕೇಳಿ ರೈತರಿಗೇ ಬೆನ್ನು ನೋವು ಬಂದಿದೆ.

ನನ್ನ ಮಾತು ಇವತ್ತು ಕೊಂಡು ತಿನ್ನುವವರ ಬಗ್ಗೆ, ಅಂದರೆ ನಮ್ಮ ಬಗ್ಗೆ. ರೈತರ ಮೇಲೆ ನಮಗೆ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಬೇಕಾದಷ್ಟಿದೆ. ಆದರೆ ಸರ್ಕಾರದ ನೀತಿ ಪ್ರೀತಿಗೆ ಬಗ್ಗುವುದಿಲ್ಲ, ಗಲಾಟೆಗೆ ಬಗ್ಗುತ್ತದೆ. ಯಾರ ಗಲಾಟೆ ಬೆಂಗಳೂರಿಗೆ, ದೆಹಲಿಗೆ ಕೇಳಿಸುತ್ತದೆ ಅನ್ನುವುದರ ಮೇಲೆ ಯಾವ ಬೆಳೆ ಉಳಿಯುತ್ತದೆ ಅನ್ನುವುದು ನಿಂತಿದೆ.

ಈರುಳ್ಳಿಯನ್ನೇ ನೋಡಿ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಅಳ್ವೆಕೋಡಿಯಲ್ಲಿ ಹೆದ್ದಾರಿ 66ರ ಪಕ್ಕ ಸಾಲಾಗಿ ಈರುಳ್ಳಿ ಗೊಂಚಲು ತೂಗುತ್ತಿರುತ್ತವೆ. ಒಣಗಿದ ಎಲೆ ಸಮೇತ ಹೆಣೆದದ್ದು. ಸಿಹಿ ಈರುಳ್ಳಿ, ಹಸಿಯಾಗೇ ತಿನ್ನಬಹುದು, ಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲದವರೆಗೂ ಬರುತ್ತದೆ. ಕಾರು ನಿಲ್ಲುತ್ತದೆ, ಕಿಟಕಿ ಅರ್ಧ ಇಳಿಯುತ್ತದೆ, ಇಳಿದು ಕೈಯಲ್ಲಿ ಹಿಡಿದು ನೋಡುವಷ್ಟೂ ಪುರುಸೊತ್ತಿಲ್ಲ, ಕೂತಲ್ಲಿಂದಲೇ ಚೌಕಾಸಿ ಶುರು. 'ನಮ್ಮೂರಲ್ಲಿ ಇದರ ಅರ್ಧಕ್ಕೆ ಸಿಗುತ್ತೆ ಅಮ್ಮಾ!' ಅದೇ ಕಾರು ಮುಂದೆ ಗೋಕರ್ಣದಲ್ಲಿ ಹೇಳಿದಷ್ಟು ರೂಮ್ ಬಾಡಿಗೆ ಕೊಟ್ಟು ಸುಮ್ನೆ ಒಳಗೆ ಹೋಗುತ್ತದೆ. ಇದು ಹೊರಗಿನವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. ನಾವೂ ಅಂಕೋಲೆ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತಂದ ಬಸಳೆ ಸೊಪ್ಪಿನ ಕಟ್ಟಿನ ಮೇಲೆ ಐದು ರೂಪಾಯಿ ಬಿಡಿ ಅಂತ ನಿಂತವರೇ ಅಲ್ವಾ?

ಈ ಕಿಟಕಿ ಇಳಿಸಿ ಚೌಕಾಸಿ ಮಾಡುವ ಬುದ್ಧಿಯೇ ದೆಹಲಿಗೆ ಹೋದಾಗ ನೀತಿಯಾಗುತ್ತದೆ. ಈರುಳ್ಳಿ ದರ ಏರಿದರೆ ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ. ಬಿದ್ದರೆ ಒಂದು ಸಾಲೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, ಮತ್ತೆ ಬಿಟ್ಟಿದ್ದು 2024ರ ಮೇ ತಿಂಗಳಲ್ಲಿ. ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತಿಗೂ 2023ರ ಜುಲೈಯಿಂದ ಒಂದು ವರ್ಷಕ್ಕೂ ಮೇಲೆ ತಡೆ ಇತ್ತು. ಊಟದ ಬೆಲೆ ಏರಬಾರದು, ಸರಿ. ಬಡವರ ಮನೆ ಒಲೆಯೂ ಉರಿಯಬೇಕಲ್ಲ. ಆದರೆ ಆ ಖರ್ಚನ್ನು ಪ್ರತಿ ಸಲ ಬೆಳೆದವರ ಜೇಬಿನಿಂದಲೇ ತೆಗೆಯುವುದು ಯಾವ ನ್ಯಾಯ?

ಈಗ ಘಟ್ಟ ಹತ್ತೋಣ. ಶಿರಸಿಯಲ್ಲಿ ಅಡಿಕೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅಂದರೆ ಅದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ಬರಬಾರದು, ಇಲ್ಲಿನ ಬೆಳೆಗಾರ ಸಾಯಬಾರದು ಅಂತ. ಒಳ್ಳೆಯದೇ ಆಯಿತು. ಆದರೆ ಯೋಚನೆ ಮಾಡಿ, ಹೊಟ್ಟೆ ತುಂಬಿಸುವ ಬೆಳೆಯಲ್ಲಿ ಸರ್ಕಾರ ಕೊಳ್ಳುವವರ ಪರ, ಊಟ ಆದ ಮೇಲೆ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಬೆಳೆಯುವವರ ಪರ! ಇದರಲ್ಲಿ ಗುಟ್ಟೇನಿಲ್ಲ. ಶಿರಸಿಯ ತೋಟಗಾರರು 1923ರಲ್ಲೇ ಅಡಿಕೆ ಮಾರಲು ಟಿಎಸ್‌ಎಸ್ ಅನ್ನುವ ಸಹಕಾರ ಸಂಘ ಕಟ್ಟಿಕೊಂಡರು. ಸೊಸೈಟಿ, ಟೆಂಡರ್, ಲೆಕ್ಕಪತ್ರ, ಮನವಿ ಬರೆಯಬಲ್ಲ ಜನ, ಎಲ್ಲ ಇದೆ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಅದೂ ಬಂತು. ಕೊಳೆ ರೋಗ, ಎಲೆಚುಕ್ಕೆ ರೋಗ ಬಂದರೆ ಮಂತ್ರಿಗಳು ತೋಟಕ್ಕೆ ಬಂದು ಗೊನೆ ನೋಡುತ್ತಾರೆ. ಇದಕ್ಕೆ ಹೊಟ್ಟೆಕಿಚ್ಚು ಪಡಬೇಕಿಲ್ಲ. ಒಂದಾದರೆ ಏನಾಗುತ್ತದೆ ಅಂತ ಅವರು ತೋರಿಸಿದ್ದಾರೆ.

ಆದರೆ ಹೆದ್ದಾರಿ ಪಕ್ಕದ ಆ ಹೆಂಗಸಿಗೆ ಸೊಸೈಟಿ ಇಲ್ಲ. ಪಿಎಂ ಕಿಸಾನ್ ದುಡ್ಡು, ವರ್ಷಕ್ಕೆ 6000 ರೂಪಾಯಿ, ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಇನ್ನೊಬ್ಬರ ಗದ್ದೆ ಹಿಡಿದು ಈರುಳ್ಳಿ ಹಾಕಿದವಳಿಗೆ ಅದೂ ಇಲ್ಲ.

ಇನ್ನೂ ದನಿ ಇಲ್ಲದ್ದು ಕಗ್ಗ ಅನ್ನುವ ಭತ್ತ. ಇಲ್ಲಿ ಕೂತ ಹುಡುಗರಲ್ಲಿ ಕಗ್ಗದ ಅನ್ನ ಉಂಡವರು ಕಡಿಮೆ ಇರಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಘನಾಶಿನಿ ಸಮುದ್ರ ಸೇರುವಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಗಜನಿ ಭೂಮಿ ಇದೆ. ಉಪ್ಪು ನೀರಿನ ಜಾಗ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಉಪ್ಪಿಗೂ ನೆರೆಗೂ ತಡೆದುಕೊಳ್ಳುವ ಭತ್ತ ಇದು. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪು ನೀರು ತಡೆಯುವ ಕಟ್ಟೆಯ ಬಾಗಿಲು ತೆಗೆದು ಉಬ್ಬರದ ನೀರು ಒಳಗೆ ಬಿಟ್ಟರೆ ಆ ಹುಲ್ಲು ಕೊಳೆತು ಮೀನಿಗೆ, ಸಿಗಡಿಗೆ ಮೇವಾಗುತ್ತದೆ. ಒಂದೇ ಗದ್ದೆಯಲ್ಲಿ ಅನ್ನವೂ ಆಯಿತು, ಮೀನಿನ ಪದಾರ್ಥವೂ ಆಯಿತು.

ಇಂಥ ಗದ್ದೆಗೆ ನಮ್ಮ ನೀತಿಯಲ್ಲಿ ಖಾನೆಯೇ ಇಲ್ಲ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2369 ರೂಪಾಯಿ. ನೀರಾವರಿ ಗದ್ದೆಯಲ್ಲಿ ಚೀಲಗಟ್ಟಲೆ ಯೂರಿಯಾ ಹಾಕಿ ಬೆಳೆದ ಭತ್ತಕ್ಕೂ, ಉಪ್ಪು ನೀರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬರುವ ಕಗ್ಗಕ್ಕೂ ಅದೇ ಲೆಕ್ಕ. ಇಂಥ ಗದ್ದೆಯನ್ನು 1990ರ ದಶಕದಲ್ಲಿ ಸಿಗಡಿ ಸಾಕುವವರು ಗುತ್ತಿಗೆಗೆ ಕೇಳಿದರೆ ಕೊಡದೇ ಇರುತ್ತಾರಾ? ಕೊಟ್ಟರು. ರೋಗ ಬಂದು ಸಿಗಡಿ ಸತ್ತಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೆರೆಗಳನ್ನು ತೆಗೆಯಿರಿ ಅಂದಿತು, ಹಳೆಯ ಪದ್ಧತಿಯವನ್ನು ಮಾತ್ರ ಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಕಡೆ ಬೇಸಾಯ ತಪ್ಪಿಹೋಗಿತ್ತು. ಗಜನಿಯ ಕಷ್ಟ ಏನೆಂದರೆ ಒಬ್ಬರೇ ಹಟ ಹಿಡಿದು ಬೇಸಾಯ ಮಾಡಲು ಆಗುವುದಿಲ್ಲ. ಪಕ್ಕದವರು ಮಳೆಗಾಲದಲ್ಲಿ ಉಪ್ಪು ನೀರು ಬಿಟ್ಟುಕೊಂಡರೆ ನಿಮ್ಮ ಸಸಿಯೂ ಹೋಯಿತು.

ಇನ್ನೊಂದು ಮಾತು ಎಲ್ಲಾ ಕಡೆ ಕೇಳುತ್ತೇನೆ: ಅನ್ನಭಾಗ್ಯ ಬಂದ ಮೇಲೆ ಕೆಲಸಕ್ಕೆ ಜನ ಸಿಗುವುದಿಲ್ಲ, ಎಲ್ಲಾ ಸೋಮಾರಿಗಳಾಗಿದ್ದಾರೆ. ನನಗೆ ಈ ಮಾತು ಸುತಾರಾಂ ಒಪ್ಪಿಗೆ ಇಲ್ಲ. ಜನ ಕೆಲಸಕ್ಕೇ ಹೋಗುತ್ತಿದ್ದಾರೆ, ಬೋಟಿಗೆ, ಗಾರೆ ಕೆಲಸಕ್ಕೆ, ಕಾರವಾರದಿಂದ ಗೋವಾಕ್ಕೆ. ನಮ್ಮ ಗದ್ದೆಗೆ ಬರುತ್ತಿಲ್ಲ ಅಷ್ಟೇ, ಅಲ್ಲಿ ಕೂಲಿ ಜಾಸ್ತಿ. ಅನ್ನಭಾಗ್ಯದ ಬಗ್ಗೆ ಜಗಳ ಆಡುವುದಾದರೆ ಅಕ್ಕಿಯ ಬಗ್ಗೆ ಆಡಿ. ಕರಾವಳಿಯ ಮನೆಗಳಲ್ಲಿ ರೇಷನ್ನಿನ ಬಿಳಿ ಅಕ್ಕಿ ದೋಸೆಗೆ ಹೋಗುತ್ತದೆ, ಊಟಕ್ಕೆ ದುಡ್ಡು ಕೊಟ್ಟು ಕುಚ್ಚಲಕ್ಕಿ ತರುತ್ತಾರೆ. ಇಲ್ಲಿನ ಭತ್ತವನ್ನು ಇಲ್ಲೇ ಕೊಂಡು, ಕುಚ್ಚಲಕ್ಕಿ ಮಾಡಿಸಿ, ಇಲ್ಲಿನ ರೇಷನ್ ಅಂಗಡಿಗೆ ಮತ್ತು ಶಾಲೆಯ ಬಿಸಿಯೂಟಕ್ಕೆ ಕೊಡಿ ಅಂತ ಕೇಳೋಣ. ಕಗ್ಗಕ್ಕೆ ಬೇರೆ ದರ ಕೊಡಿ ಅಂತಲೂ ಕೇಳೋಣ. ಅದಕ್ಕೂ ಮೊದಲು ಗಜನಿ ಕಟ್ಟೆ ಗಟ್ಟಿ ಮಾಡಿಸಿ ಅಂತ ಕೇಳಬೇಕು. ಮೇ ತಿಂಗಳೊಳಗೆ ಗಟ್ಟಿಯಾಗದ ಕಟ್ಟೆಗೆ ಆಗಸ್ಟ್‌ನಲ್ಲಿ ಎಷ್ಟು ದುಡ್ಡು ಸುರಿದರೂ ಆ ವರ್ಷ ಭತ್ತ ಇಲ್ಲ. ಮುಂದಿನ ಗ್ರಾಮಸಭೆಗೆ ನೀವು ಹತ್ತು ಜನ ಹೋಗಿ ಇದೊಂದನ್ನು ಎತ್ತಿದರೂ ಸಾಕು. ಈರುಳ್ಳಿ ಮಾರುವವರನ್ನೂ ಕರೆದುಕೊಂಡು ಹೋಗಿ.

ನನ್ನದು ಇಷ್ಟು. ಪ್ರಶ್ನೆ ಇದ್ದರೆ ಕೇಳಿ. ಅಡಿಕೆ ದರ ಮುಂದಿನ ವಾರ ಏನಾಗುತ್ತದೆ ಅಂತ ಮಾತ್ರ ಕೇಳಬೇಡಿ.