ವಾಡಿಕೆ ಮಳೆ ಎಂಬ ಮೋಸದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಹವಾಮಾನ ವರದಿಯಲ್ಲಿ ಒಂದು ಮಾತು ಆಗಾಗ ಬರುತ್ತದೆ: 'ಈ ವರ್ಷ ವಾಡಿಕೆಯಷ್ಟು ಮಳೆಯಾಗಿದೆ.' ಕೇಳಿದರೆ ಮನಸ್ಸಿಗೆ ಸಮಾಧಾನ. ಆದರೆ ಅದೇ ವರ್ಷ ಬಿತ್ತಿದ ಬೆಳೆ ಒಣಗಿರುತ್ತದೆ, ಕಾಡಿಗೆ ಬೆಂಕಿ ಬಿದ್ದಿರುತ್ತದೆ, ಜಲಾಶಯದ ತಳ ಕಾಣುತ್ತಿರುತ್ತದೆ. ಹಾಗಾದರೆ ವರದಿ ಸುಳ್ಳಾ? ಸುಳ್ಳೇನಲ್ಲ. ವರ್ಷದ ಮಳೆಯನ್ನೆಲ್ಲ ಕೂಡಿ ಹೇಳಿದ್ದಾರೆ, ಅಷ್ಟೇ. ಎಡವಟ್ಟು ಇರುವುದು ಆ ಕೂಡುವುದರಲ್ಲಿ.

ಸಣ್ಣದೊಂದು ಲೆಕ್ಕ ಹಾಕೋಣ. ಒಂದು ಹೊಲದ ಮಣ್ಣು ಗಂಟೆಗೆ 20 ಮಿಲಿಮೀಟರ್ ಮಳೆ ಕುಡಿಯುತ್ತದೆ ಅಂದುಕೊಳ್ಳಿ. 100 ಮಿಲಿಮೀಟರ್ ಮಳೆ ಹತ್ತು ದಿನ ಸೋನೆಯಾಗಿ ಬಿದ್ದರೆ ಹೆಚ್ಚುಕಡಿಮೆ ಪೂರ್ತಿ ನೆಲಕ್ಕಿಳಿಯುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಸುರಿದರೆ 40 ಮಿಲಿಮೀಟರ್ ಇಳಿಯುತ್ತದೆ. ಉಳಿದ 60 ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಮಳೆಮಾಪಕಕ್ಕೆ ಎರಡೂ ಒಂದೇ. ಬೆಳೆಯ ಬೇರಿಗೆ?

ಇದಕ್ಕೆ ಬಿಸಿಲು ಬೇರೆ ಸೇರಿಕೊಂಡಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಳೆ ಬಂದಾಗ ಧೋ ಎಂದು ಸುರಿಯುವುದು ಇದರಿಂದಲೇ. ಮಳೆ ಇಲ್ಲದಾಗ ಅದೇ ಗಾಳಿ ಬಾಯಾರಿದ ದನದ ಹಾಗೆ ಮಣ್ಣು, ಎಲೆ, ಕೆರೆ, ಎಲ್ಲದರ ತೇವವನ್ನೂ ಹೀರುತ್ತದೆ. ಕೆಲವೇ ವಾರಗಳಲ್ಲಿ ಬಂದೆರಗುವ ಬರಕ್ಕೆ ತಜ್ಞರು 'ಫ್ಲ್ಯಾಶ್ ಡ್ರಾಟ್' ಅನ್ನುತ್ತಾರೆ. ನಾವು ದಿಢೀರ್ ಬರ ಅನ್ನೋಣ.

ಈಗ ಕಾಡ್ಗಿಚ್ಚು. ಮಳೆ ಕಡಿಮೆಯಾದರೆ ಬೆಂಕಿ ಜಾಸ್ತಿ, ಮಳೆ ಹೆಚ್ಚಾದರೆ ಬೆಂಕಿ ಕಡಿಮೆ ಎಂದು ನಾನೂ ಬಹಳ ದಿನ ನಂಬಿದ್ದೆ. ಹುಲ್ಲುಗಾವಲು, ಕುರುಚಲು ಕಾಡುಗಳಲ್ಲಿ ವಿಷಯ ತಿರುಗಿ ಬೀಳುತ್ತದೆ. ಒಳ್ಳೆ ಮಳೆ ಬಂದ ವರ್ಷ ಹುಲ್ಲು, ಪೊದೆ ಹುಲುಸಾಗಿ ಬೆಳೆಯುತ್ತವೆ. ಮುಂದಿನ ಮಳೆಗಾಲ ತಡವಾದರೆ ಅದೆಲ್ಲ ಒಣಗಿ ಉರುವಲಾಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಆದದ್ದು ಇದೇ. 2022-23 ಮತ್ತು 2023-24ರ ಚಳಿಗಾಲಗಳಲ್ಲಿ ಅಲ್ಲಿ ಚೆನ್ನಾಗಿ ಮಳೆಯಾಗಿ ಬೆಟ್ಟಗಳು ಹಸಿರಾದವು. 2024ರ ಮೇ ಮೊದಲ ವಾರ ಕಳೆದ ಮೇಲೆ ವರ್ಷದ ಕೊನೆಯವರೆಗೆ ನಗರದ ನಡುಭಾಗದಲ್ಲಿ 5 ಮಿಲಿಮೀಟರ್ ಮಳೆ ಕೂಡ ಬೀಳಲಿಲ್ಲ. ಒಣಹವೆಯ ಸಾಂಟಾ ಆನಾ ಗಾಳಿ ಅಲ್ಲಿಗೆ ಹೊಸದಲ್ಲ, ಪ್ರತಿ ಚಳಿಗಾಲದಲ್ಲೂ ಬೀಸುತ್ತದೆ. ಎಂದಿನಂತೆ ಡಿಸೆಂಬರ್ ಹೊತ್ತಿಗೆ ಮಳೆ ಬಂದಿದ್ದರೆ ನೆಲ ಹಸಿಯಾಗಿರುತ್ತಿತ್ತು. ಬರಲಿಲ್ಲ. 2025ರ ಜನವರಿ 7ರಂದು ಬೆಂಕಿ ಹೊತ್ತಿತು, 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು.

ಬೆಂಕಿಯ ಜೊತೆ ಕೆಲಸ ಮಾಡುವವರ ಒಂದು ಲೆಕ್ಕ ನನಗೆ ತುಂಬ ಇಷ್ಟ. ಅವರು ಉರುವಲನ್ನು ಗಂಟೆಗಳಲ್ಲಿ ಅಳೆಯುತ್ತಾರೆ. ಹುಲ್ಲು, ತರಗೆಲೆ, ಸಣ್ಣ ಕಡ್ಡಿ 'ಒಂದು ಗಂಟೆ'ಯ ಉರುವಲು. ಸುತ್ತಲಿನ ಗಾಳಿ ಒಣಗಿದರೆ ಸುಮಾರು ಒಂದು ಗಂಟೆಯಲ್ಲಿ ಅದೂ ಬಹುಪಾಲು ಒಣಗುತ್ತದೆ. ತೊಡೆಯಷ್ಟು ದಪ್ಪದ ದಿಮ್ಮಿ 'ಸಾವಿರ ಗಂಟೆ'ಯದು, ಅಂದರೆ ಆರು ವಾರ. ಅದಕ್ಕೇ ಬೆಳಗ್ಗೆ ಬಿದ್ದ ತುಂತುರು ಮಳೆಯನ್ನು ನಂಬಿಕೊಂಡು ಕೂರುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಮತ್ತೆ ಗರಿಗರಿ. ದೊಡ್ಡ ಮರಗಳ ಕಾಡಿನ ಕತೆ ಬೇರೆ. ದಿಮ್ಮಿಗಳ ಒಡಲೂ ಒಣಗಬೇಕಾದರೆ ಉದ್ದನೆಯ ಬರವೇ ಬೇಕು. ಆಸ್ಟ್ರೇಲಿಯಾದಲ್ಲಿ 2019 ದಾಖಲೆಯಲ್ಲೇ ಅತಿ ಬಿಸಿಯ, ಅತಿ ಕಡಿಮೆ ಮಳೆಯ ವರ್ಷ. ಸಾಮಾನ್ಯವಾಗಿ ಹಸಿಯಾಗಿರುವ ಮಳೆಕಾಡಿನ ಅಂಚುಗಳೂ ಆ ಬೇಸಿಗೆಯಲ್ಲಿ ಉರಿದವು.

ತಡೆಯುವುದಕ್ಕೆ ಹಳೆಯ ಉಪಾಯ ಒಂದಿದೆ. ತಂಪು ಹೊತ್ತಿನಲ್ಲಿ, ಕಣ್ಣಳತೆಯಲ್ಲೇ ಸಣ್ಣ ಬೆಂಕಿ ಹಾಕಿ ಉರುವಲು ತೆಗೆಯುವುದು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಆದರೆ ಇದಕ್ಕೆ ಹುಲ್ಲು ತೀರಾ ಹಸಿಯೂ ಇರಬಾರದು, ತೀರಾ ಒಣಗಿಯೂ ಇರಬಾರದು. ಮಳೆಯ ಕಾಲ ಏರುಪೇರಾದರೆ ಆ ಹದದ ದಿನಗಳೇ ಕೈಗೆ ಸಿಗುವುದಿಲ್ಲ.

ಹದ ಅಂದಕೂಡಲೇ ಬೇಸಾಯ ನೆನಪಾಗುತ್ತದೆ. ಜಗತ್ತಿನ ಸಾಗುವಳಿ ಭೂಮಿಯಲ್ಲಿ ಸುಮಾರು ಶೇ 80ರಷ್ಟು ಮಳೆಯನ್ನೇ ನಂಬಿದೆ. ಮೊದಲ ಮಳೆಗೆ ಬಿತ್ತುತ್ತಾರೆ, ಮೊಳಕೆ ಬರುತ್ತದೆ, ಆಮೇಲೆ ಮಳೆ ಮೂರು ವಾರ ಕೈಕೊಡುತ್ತದೆ. ಮತ್ತೆ ಬೀಜ, ಮತ್ತೆ ಕೂಲಿ. ಅದಕ್ಕಿಂತ ಕೆಟ್ಟದ್ದು ಹೂ ಬಿಡುವ ಹೊತ್ತಿಗೆ ಮಳೆ ತಪ್ಪುವುದು. ಮೆಕ್ಕೆಜೋಳವನ್ನೇ ನೋಡಿ. ಗಿಡದ ತುದಿಯ ಗಂಡು ಹೂವಿನಿಂದ ಪರಾಗ ಉದುರಬೇಕು, ತೆನೆಯಿಂದ ಹೊರಬರುವ ರೇಷ್ಮೆಯಂಥ ಎಳೆಗಳು ಅದನ್ನು ಹಿಡಿಯಬೇಕು. ನೀರು ಸಾಲದಿದ್ದರೆ ಎಳೆಗಳು ಹೊರಬರುವುದು ತಡವಾಗುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಗಿಡ ಹಸಿರಾಗಿ ನಿಂತಿರುತ್ತದೆ, ತೆನೆ ಸುಲಿದರೆ ಹಲ್ಲುದುರಿದ ಬಾಯಿ! ಹೂ ಬಿಡುವ ಹೊತ್ತಿನಲ್ಲಿ ತಪ್ಪಿದ ಮಳೆ ಮುಂದಿನ ತಿಂಗಳು ಎರಡರಷ್ಟು ಬಂದರೂ ಕಾಳು ಕಟ್ಟಿಕೊಡುವುದಿಲ್ಲ. ವರ್ಷದ ಕೊನೆಗೆ ಆ ಮಳೆಯೂ 'ವಾಡಿಕೆ'ಯ ಲೆಕ್ಕಕ್ಕೇ ಸೇರುತ್ತದೆ.

ರೈತರು ಮಾಡಬಹುದಾದದ್ದು ಇಲ್ಲವೇ? ಇದೆ. ಬಿದ್ದ ಮಳೆ ಬಿದ್ದಲ್ಲೇ ಇಳಿಯುವಂತೆ ಬದು ಕಟ್ಟುವುದು, ನೆಲವನ್ನು ಕಸಕಡ್ಡಿಯಿಂದ ಮುಚ್ಚಿಡುವುದು, ಬೇಗ ಕೊಯ್ಲಿಗೆ ಬರುವ ತಳಿಯನ್ನೂ ಸ್ವಲ್ಪ ಬಿತ್ತಿಕೊಳ್ಳುವುದು. ಬೋರ್‌ವೆಲ್ ಕೊರೆಸುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ನೆಲದಡಿಯ ನೀರಿಗೂ ಮಳೆಯೇ ಮೂಲ ತಾನೇ?

ಬೆಂಕಿ, ಬೆಳೆ, ನೀರು ಇವುಗಳನ್ನು ನಾವು ಬೇರೆ ಬೇರೆ ಇಲಾಖೆಗಳಿಗೆ ಹಂಚಿಬಿಟ್ಟಿದ್ದೇವೆ. ಮಳೆನೀರಿಗೆ ಇಲಾಖೆ ಗೊತ್ತಿಲ್ಲ. ಕಾಡು ಸುಟ್ಟಾಗ ಮಣ್ಣಿನ ಮೇಲ್ಪದರದಲ್ಲಿ ಮೇಣದಂಥ ಅಂಟು ಕೂತು ಕೆಲವೆಡೆ ನೀರು ಇಂಗುವುದೇ ನಿಲ್ಲುತ್ತದೆ. ಆಮೇಲೆ ಬರುವ ಜೋರು ಮಳೆ ಬೂದಿ, ಮಣ್ಣು ಎಲ್ಲವನ್ನೂ ಕೆಳಗೆ ತಳ್ಳುತ್ತದೆ. ಸಿಡ್ನಿಗೆ ಕುಡಿಯುವ ನೀರು ಕೊಡುವ ವಾರಗಂಬಾ ಜಲಾಶಯದ ಜಲಾನಯನ ಪ್ರದೇಶದಲ್ಲಿ ಬಹಳಷ್ಟು ಕಾಡು 2019-20ರ ಬೆಂಕಿಗೆ ಸಿಕ್ಕಿತು. 2020ರ ಫೆಬ್ರವರಿಯಲ್ಲಿ ಭಾರಿ ಮಳೆ ಬಂತು. ಬರದಲ್ಲಿ ಕಾದವರಿಗೆ ಖುಷಿಯ ಸುದ್ದಿಯೇ. ಆದರೆ ನೀರಿನ ಜೊತೆ ಬೂದಿಯೂ ಇಳಿದು ಬಂತು. ಅದನ್ನು ತಡೆಯಲು ಜಲಾಶಯದಲ್ಲಿ ತೇಲುವ ಪರದೆಗಳನ್ನು ಕಟ್ಟಬೇಕಾಯಿತು.

ಅಣೆಕಟ್ಟು ನಡೆಸುವವರ ಕಷ್ಟ ಇನ್ನೊಂದು ಬಗೆಯದು. ಪ್ರವಾಹ ಬಂದರೆ ಜಾಗ ಬೇಕು, ಹಾಗಾಗಿ ಖಾಲಿ ಇಡಬೇಕು. ಬರ ಬಂದರೆ ನೀರು ಬೇಕು, ಹಾಗಾಗಿ ತುಂಬಿಡಬೇಕು. ಯಾವ ತಿಂಗಳು ಎಷ್ಟು ಅನ್ನುವುದಕ್ಕೆ ಹಿಂದಿನ ಮಳೆ ನೋಡಿ ಬರೆದ ನಿಯಮಪುಸ್ತಕ ಇರುತ್ತದೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದಲ್ಲಿ 2012ರ ಡಿಸೆಂಬರ್‌ನಲ್ಲಿ ಜೋರು ಮಳೆಯ ನಂತರ ನಿಯಮದಂತೆ ನೀರು ಬಿಟ್ಟರು. ತಪ್ಪೇನೂ ಮಾಡಲಿಲ್ಲ, ಪುಸ್ತಕ ಹೇಳಿದ್ದನ್ನೇ ಮಾಡಿದರು. ಮರುವರ್ಷ 2013, ಆ ರಾಜ್ಯದ ದಾಖಲೆಯಲ್ಲೇ ಅತಿ ಒಣ ವರ್ಷ. ಬಿಟ್ಟ ನೀರು ಸಮುದ್ರ ಸೇರಿಯಾಗಿತ್ತು.

ಅದಾದ ಮೇಲೆ ಅಲ್ಲಿಯವರು ಬೇರೆ ದಾರಿ ಹಿಡಿದರು. ತಾರೀಖು ನೋಡಿ ಗೇಟು ತೆಗೆಯುವ ಬದಲು ಮುಂದಿನ ದಿನಗಳ ಹವಾಮಾನ ಮುನ್ಸೂಚನೆ ನೋಡುವುದು. ದೊಡ್ಡ ಮಳೆ ಬರುವಂತಿದ್ದರೆ ಮೊದಲೇ ಬಿಡುವುದು, ಇಲ್ಲದಿದ್ದರೆ ಹಿಡಿದಿಡುವುದು. 2020ರ ಚಳಿಗಾಲವೂ ಒಣಗಿತ್ತು. ಆದರೂ ಈ ಕ್ರಮದಿಂದ ಹಳೆಯ ನಿಯಮಕ್ಕಿಂತ ಸುಮಾರು ಶೇ 19ರಷ್ಟು ಹೆಚ್ಚು ನೀರು ಆ ಜಲಾಶಯದಲ್ಲಿ ಉಳಿಯಿತು. ಗೋಡೆ ಒಂದಡಿಯೂ ಎತ್ತರಿಸಿರಲಿಲ್ಲ.

ನಮಸ್ಕಾರ.