ಬೆಲೆ ಒಂದೇ ಸಲ, ಅದೂ ಕೊನೆಯ ಹತ್ತು ಸೆಕೆಂಡಿನಲ್ಲಿ

ನಮಸ್ಕಾರ. ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಬರೆದ ಪ್ರತಿಕ್ರಿಯೆಯನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಹಳೆಯ ಬೈಕೊಂದರ ಕಾರ್ಬುರೇಟರ್ ಜೋಡಿಗಾಗಿ ಅವರು ಆನ್‌ಲೈನ್ ಹರಾಜಿನಲ್ಲಿ ಆರು ದಿನ ಕಾದು, ಹನ್ನೊಂದು ಸಲ ಬೆಲೆ ಏರಿಸಿ, ಎಲ್ಲರಿಗಿಂತ ಮುಂದಿದ್ದರಂತೆ. ಮುಗಿಯಲು ನಾಲ್ಕು ಸೆಕೆಂಡು ಇರುವಾಗ ಯಾರೋ ಬಂದು ಅದನ್ನು ಹಾರಿಸಿಕೊಂಡು ಹೋದರಂತೆ. ‘ಹೀಗೆ ಕೊನೆಯಲ್ಲಿ ನುಗ್ಗುವವರು ಕಳ್ಳರು, ಇವರನ್ನು ಹರಾಜಿನಿಂದಲೇ ಹೊರಗಿಡಬೇಕು’ ಎಂಬುದು ಅವರ ತೀರ್ಪು. ಅವರ ಕಾರ್ಬುರೇಟರ್ ಕೊಂಡವನು ನಾನಲ್ಲ. ಆದರೆ ಹದಿನೈದು ವರ್ಷಗಳಿಂದ ನಾನು ಮಾಡುತ್ತಿರುವುದೂ ಅದನ್ನೇ. ಆದ್ದರಿಂದ ಈ ಮಾತಿಗೆ ಉತ್ತರ ಕೊಡದೆ ಇರಲಾರೆ.

ನಾನು ಹೇಳುವುದು ಇಷ್ಟೇ. ನೀವು ಕೊಡಬಲ್ಲ ಅತಿ ಹೆಚ್ಚಿನ ಬೆಲೆ ಎಷ್ಟು ಎಂದು ಮೊದಲೇ ನಿರ್ಧರಿಸಿ, ಅದನ್ನು ಒಂದೇ ಸಲ ಬರೆಯಿರಿ, ಅದನ್ನೂ ಹರಾಜು ಮುಗಿಯಲು ಹತ್ತು ಸೆಕೆಂಡು ಇರುವಾಗ ಬರೆಯಿರಿ.

ಇಬೇಯಂಥ ಆನ್‌ಲೈನ್ ಹರಾಜು ತಾಣಗಳಲ್ಲಿ ನೀವು ಬರೆಯುವ ಸಂಖ್ಯೆ ನೀವು ತೆರುವ ಬೆಲೆಯಲ್ಲ. ನೀವು ನೂರು ಎಂದು ಬರೆದಿದ್ದು, ಉಳಿದವರು ಬರೆದುದರಲ್ಲಿ ಅತಿ ಹೆಚ್ಚಿನದು ಅರವತ್ತಾಗಿದ್ದರೆ, ತಾಣವೇ ನಿಮ್ಮ ಪರವಾಗಿ ಅರವತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ನೂರರ ಗುಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಗೆದ್ದವರು ಎರಡನೆಯವರ ಬೆಲೆಯನ್ನು ತೆರುವ ಹರಾಜಿನಲ್ಲಿ ನಿಜವಾದ ಬೆಲೆಯನ್ನು ಬರೆಯುವುದೇ ಜಾಣತನವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಹೀಗಿರುವಾಗ ಹನ್ನೊಂದು ಸಲ ಬೆಲೆ ಏರಿಸಬೇಕಾದ ಅಗತ್ಯವಾದರೂ ಏನು? ನಮ್ಮ ವೀಕ್ಷಕರು ಬರೆದದ್ದು ಅವರ ನಿಜವಾದ ಗರಿಷ್ಠ ಬೆಲೆಯೇ ಆಗಿದ್ದರೆ, ಕೊನೆಯಲ್ಲಿ ಬಂದವರು ಅದಕ್ಕಿಂತ ಹೆಚ್ಚು ಕೊಟ್ಟಿದ್ದಾರೆ, ಅಂದರೆ ಯಾರೂ ಏನನ್ನೂ ಕದ್ದಿಲ್ಲ. ಅದು ನಿಜವಾದ ಗರಿಷ್ಠ ಬೆಲೆಯಾಗಿರದಿದ್ದರೆ, ಅದನ್ನು ಬರೆಯದೆ ಉಳಿಸಿಕೊಂಡದ್ದು ಅವರದೇ ತಪ್ಪು.

‘ಒಂದೇ ಸಲ ಎಂಬುದು ಸರಿ, ಆದರೆ ಕೊನೆಯಲ್ಲೇ ಏಕೆ’ ಎಂದು ಕೇಳುವವರಿಗೆ, ವಿರಳ ಬಿಡಿಭಾಗಗಳ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. ಹೋಂಡಾ ಸಿಬಿ750 ಬೈಕು 1969ರಲ್ಲಿ ಬಂದಾಗ, ಮೊದಲ ಏಳು ಸಾವಿರಕ್ಕೂ ಹೆಚ್ಚು ಬೈಕುಗಳ ಕ್ರ್ಯಾಂಕ್‌ಕೇಸ್‌ಗಳ (ಎಂಜಿನ್ನಿನ ಕೆಳಭಾಗದ ಲೋಹದ ಕವಚಗಳ) ಮೈ ಒರಟಾಗಿತ್ತು. ಸಂಗ್ರಾಹಕರು ಅವನ್ನು ‘ಸ್ಯಾಂಡ್‌ಕಾಸ್ಟ್’ (ಮರಳಚ್ಚಿನ ಎರಕ) ಎಂದು ಕರೆದು ಕಣ್ಣಿಗೊತ್ತಿಕೊಳ್ಳುತ್ತಾರೆ. ಗೊತ್ತಿಲ್ಲದ ಮಾರಾಟಗಾರರೊಬ್ಬರು ಆ ಕಾಲದ ಬಿಡಿಭಾಗವೊಂದನ್ನು ‘ಹಳೆಯ ಹೋಂಡಾ ಭಾಗ’ ಎಂದಷ್ಟೇ ಬರೆದು, ಮಸುಕಾದ ಎರಡು ಚಿತ್ರಗಳೊಂದಿಗೆ ಹರಾಜಿಗೆ ಇಡುತ್ತಾರೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಎಣ್ಣೆಯ ಜಿಡ್ಡಿನ ಕೆಳಗೆ ಬಿಡಿಭಾಗದ ಸಂಖ್ಯೆ ಅರೆಬರೆ ಕಾಣುತ್ತದೆ. ಹೋಂಡಾ ಸಂಖ್ಯೆಯ ನಡುವಿನ ಮೂರು ಅಂಕಿಗಳು ಆ ಭಾಗ ಮೊದಲು ಯಾವ ಮಾದರಿಗಾಗಿ ತಯಾರಾಯಿತೆಂದು ಹೇಳುತ್ತವೆ, ಮತ್ತು 300 ಎಂದರೆ ಸಿಬಿ750. ಅದನ್ನು ನೀವು ಓದಿಬಿಟ್ಟಿರಿ. ಈಗ ಮೂರು ದಿನ ಮುಂಚೆಯೇ ನೀವು ಬಿಡ್ ಹಾಕಿದರೆ, ಅಂದರೆ ಬೆಲೆ ಬರೆದರೆ, ಬೇರೆಯವರ ಕಣ್ಣಿಗೆ ಬೀಳದೆ ಇದ್ದದ್ದನ್ನು ‘ಇಲ್ಲಿ ಏನೋ ಇದೆ, ಬನ್ನಿ’ ಎಂದು ಡಂಗುರ ಸಾರಿದಂತೆ. ನಿಮ್ಮ ವರ್ಷಗಳ ಓದು, ಗ್ಯಾರೇಜಿನಲ್ಲಿ ಕಳೆದ ರಾತ್ರಿಗಳು, ಎಲ್ಲವನ್ನೂ ಪುಕ್ಕಟೆಯಾಗಿ ಹಂಚಿಬಿಟ್ಟಿರಿ.

ಇದು ನನ್ನೊಬ್ಬನ ಊಹೆಯಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬೇಯಲ್ಲಿ ಕೊನೆಯ ಗಳಿಗೆಯ ಬಿಡ್‌ಗಳು ಕಂಪ್ಯೂಟರ್‌ಗಳಿಗಿಂತ ಹಳೆಯ ಕಾಲದ ವಸ್ತುಗಳ ಹರಾಜಿನಲ್ಲಿ ಹೆಚ್ಚು ಎಂದು ಕಂಡುಬಂತು. ಅನುಭವಿಗಳೇ ಹಾಗೆ ಹೆಚ್ಚಾಗಿ ಮಾಡುತ್ತಾರೆ ಎಂಬುದೂ ಕಂಡುಬಂತು. ತಿಳಿದವರು ತಮ್ಮ ತಿಳಿವಳಿಕೆಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಹಳೆಯ ಬೈಕಿನ ಭಾಗಕ್ಕೂ ಇದೇ ಮಾತು ಸಲ್ಲುತ್ತದೆ.

ನಾನು ಇದನ್ನು ಕೈ ಸುಟ್ಟುಕೊಂಡು ಕಲಿತೆ. ಯಮಹಾ ಆರ್‌ಡಿ350ರ ಸಿಲಿಂಡರ್ ಜೋಡಿಯೊಂದು ಹರಾಜಿಗೆ ಬಂದಿತ್ತು. ಐದು ದಿನ ಮುಂಚೆಯೇ ಬಿಡ್ ಹಾಕಿದೆ. ಮರುದಿನ ಯಾರೋ ನನ್ನನ್ನು ದಾಟಿದರು, ನಾನು ಅವರನ್ನು ದಾಟಿದೆ, ಹೀಗೆ ಇಬ್ಬರೂ ಜಿದ್ದಿಗೆ ಬಿದ್ದೆವು. ಕೊನೆಯ ದಿನದ ಹೊತ್ತಿಗೆ ಸಿಲಿಂಡರ್ ಹೇಗಿದೆ ಎಂಬುದನ್ನು ಮರೆತು, ಆ ಇನ್ನೊಬ್ಬರನ್ನು ಸೋಲಿಸುವುದೊಂದೇ ನನ್ನ ಗುರಿಯಾಗಿತ್ತು. ಗೆದ್ದೆ. ಪೆಟ್ಟಿಗೆ ಬಂತು. ಮೂಲದಲ್ಲಿ 64 ಮಿಲಿಮೀಟರ್ ಇರಬೇಕಾದ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಆಗಲೇ 65ಕ್ಕೆ ಹೋಗಿತ್ತು. ಸಿಲಿಂಡರ್ ಸವೆದಾಗಲೆಲ್ಲ ಅದನ್ನು ತುಸು ಅಗಲವಾಗಿ ಕೊರೆದು ದೊಡ್ಡ ಪಿಸ್ಟನ್ ಹಾಕುವ 0.25, 0.50, 0.75 ಎಂಬ ಹಂತಗಳನ್ನೆಲ್ಲ ದಾಟಿ, ಕೊನೆಯ ಓವರ್‌ಸೈಜ್‌ನ ಪಿಸ್ಟನ್ ಅದರಲ್ಲಿ ಓಡಾಡಿ ಸವೆದಿತ್ತು. ಇನ್ನು ಕೊರೆಯಲು ಜಾಗವಿರಲಿಲ್ಲ. ಪಿಸ್ಟನ್‌ನ ನೆತ್ತಿಯ ಮೇಲೆ ಒತ್ತಿದ ಅಳತೆಯ ಸಂಖ್ಯೆಯ ಚಿತ್ರವನ್ನು ಕಳಿಸಿ ಎಂದು ಮಾರಾಟಗಾರರಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಐದು ದಿನಗಳಲ್ಲಿ ಆ ಒಂದು ಸಾಲು ನನಗೆ ಹೊಳೆಯಲಿಲ್ಲ. ಆ ಸಿಲಿಂಡರ್ ಇಂದಿಗೂ ನನ್ನ ಕಪಾಟಿನಲ್ಲಿದೆ. ಸವೆದ ಸಿಲಿಂಡರನ್ನು ಅಳೆಯುವ ಬಗೆಯನ್ನು ಹಿಂದಿನ ಸಂಚಿಕೆಯೊಂದರಲ್ಲಿ ತೋರಿಸಿದ್ದೇನೆ. ನೋಡಿರದವರು ದಯವಿಟ್ಟು ನೋಡಿ, ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಹಳೆಯ ಬೈಕು ಇಟ್ಟುಕೊಂಡಿರುವ ಗೆಳೆಯರಿಗೂ ಕಳಿಸಿ.

ಆದ್ದರಿಂದ ಮತ್ತೆ ಹೇಳುತ್ತೇನೆ: ಮೊದಲ ಆರು ದಿನ ಬಿಡ್ ಹಾಕುವುದಕ್ಕಲ್ಲ, ಪ್ರಶ್ನೆ ಕೇಳುವುದಕ್ಕೆ. ಕ್ರ್ಯಾಂಕ್‌ಕೇಸ್‌ನ ಒಂದೇ ಅರ್ಧ ಮಾರಾಟಕ್ಕಿದ್ದರೆ, ಇನ್ನೊಂದು ಅರ್ಧ ಎಲ್ಲಿ ಎಂದು ಕೇಳಿ. ಅನೇಕ ಎಂಜಿನ್‌ಗಳಲ್ಲಿ ಎರಡನ್ನೂ ಜೋಡಿಸಿಟ್ಟು ಬೇರಿಂಗ್ ಕೂರುವ ರಂಧ್ರಗಳನ್ನು ಒಟ್ಟಿಗೆ ಕೊರೆದಿರುತ್ತಾರೆ, ಒಂದರ ಜೊತೆಗೆ ಬೇರೆ ಎಂಜಿನ್ನಿನ ಅರ್ಧವನ್ನು ಸೇರಿಸಿದರೆ ಬೇರಿಂಗ್‌ಗಳು ಸರಿಯಾಗಿ ಕೂರುವುದಿಲ್ಲ. ಮುರಿದ ಫಿನ್ (ಎಂಜಿನ್ ತಣಿಸುವ ಲೋಹದ ರೆಕ್ಕೆ), ಕಿತ್ತುಹೋದ ತಿರುಪಿನ ಮರೆ, ಬೆಸುಗೆಯ ಗುರುತು, ಎಲ್ಲವನ್ನೂ ಕೇಳಿ. ಆಮೇಲೆ ಬೆಲೆ ನಿರ್ಧರಿಸಿ. ಆಮೇಲೆ ಕಾಯಿರಿ.

ಆಕ್ಷೇಪಗಳು ನನಗೆ ಬಾಯಿಪಾಠವಾಗಿವೆ. ‘ಕೊನೆಯ ಸೆಕೆಂಡಿನಲ್ಲಿ ಇಂಟರ್ನೆಟ್ ಕೈಕೊಟ್ಟರೆ?’ ಅದಕ್ಕೇ ಹತ್ತು ಸೆಕೆಂಡು ಎಂದೆ, ಒಂದು ಸೆಕೆಂಡು ಎನ್ನಲಿಲ್ಲ. ‘ಇಬ್ಬರೂ ಒಂದೇ ಸಂಖ್ಯೆ ಬರೆದರೆ ಮೊದಲು ಬರೆದವರಿಗೆ ಸಿಗುತ್ತದಲ್ಲ?’ ನೂರು ಎಂದು ಬರೆಯುವ ಬದಲು ನೂರಾ ಮೂರು ಎಂದು ಬರೆಯಿರಿ, ಮುಗಿಯಿತು. ‘ಕೆಲವು ತಾಣಗಳಲ್ಲಿ ಸಮಯವೇ ಮುಂದೆ ಹೋಗುತ್ತದೆ’ ಎಂಬುದು ನಿಜ. ಜಪಾನಿನ ಯಾಹೂ ಹರಾಜಿನಲ್ಲಿ ಮಾರಾಟಗಾರರು ಆ ಆಯ್ಕೆಯನ್ನು ಇಟ್ಟಿದ್ದರೆ, ಕೊನೆಯ ಐದು ನಿಮಿಷದಲ್ಲಿ ಬೆಲೆ ಏರಿದಾಗಲೆಲ್ಲ ಮತ್ತೈದು ನಿಮಿಷ ಸೇರುತ್ತದೆ. ಅಲ್ಲಿಯೂ ಒಂದೇ ಸಲ ಬರೆಯಿರಿ, ಕಂಪ್ಯೂಟರ್ ಮುಚ್ಚಿ, ಎದ್ದು ಹೋಗಿ. ‘ಮೊದಲೇ ದೊಡ್ಡ ಬೆಲೆ ಹಾಕಿದರೆ ಬೇರೆಯವರು ಹೆದರುತ್ತಾರೆ’ ಎನ್ನುವವರು ಇನ್ನೂ ಇದ್ದಾರೆ. ಯಾರೂ ಹೆದರುವುದಿಲ್ಲ! ನಿಮ್ಮ ದೊಡ್ಡ ಬೆಲೆ ಅವರಿಗೆ ಕಾಣುವುದೇ ಇಲ್ಲ. ಕಾಣುವುದು ನೀವು ಬಂದಿದ್ದೀರಿ ಎಂಬುದು ಮಾತ್ರ. ಮಾರಾಟಗಾರರೇ ಇನ್ನೊಂದು ಖಾತೆಯಿಂದ ಬೆಲೆ ಏರಿಸುವ ವಂಚನೆಗೂ ನೀವೇ ಸಮಯ ಕೊಟ್ಟಂತಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಆ ಆಟ ಆಡುವುದು ಸುಲಭವಲ್ಲ.

‘ಇದು ನ್ಯಾಯವಲ್ಲ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಮುಗಿಯುವ ಸಮಯ ಮೊದಲ ದಿನದಿಂದಲೂ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಆರು ದಿನ ಮುಂದಿದ್ದೆ ಎಂಬ ಕಾರಣಕ್ಕೆ ವಸ್ತು ನನ್ನದಾಗಿತ್ತು ಎನ್ನುವುದು ತಪ್ಪು; ಹರಾಜು ಮುಗಿಯುವವರೆಗೆ ಅದು ಯಾರದೂ ಅಲ್ಲ. ಕಳ್ಳರು ಎಂಬ ಪದವನ್ನು ಆ ವೀಕ್ಷಕರು ಹಿಂದೆ ತೆಗೆದುಕೊಳ್ಳಬೇಕು. ಒಂದೇ ಸಲ ಬರೆಯಿರಿ! ಕೊನೆಯಲ್ಲಿ ಬರೆಯಿರಿ! ನಾನು ನೂರು ಸಲ ಹೇಳಿದ್ದೇನೆ, ಇನ್ನೂ ನೂರು ಸಲ ಹೇಳಲು ಸಿದ್ಧನಿದ್ದೇನೆ.

ಮುಂದಿನ ವಾರ ಅಂಚೆಯಲ್ಲಿ ಬರುವ ಕ್ರ್ಯಾಂಕ್‌ಶಾಫ್ಟ್‌ನ ಪೆಟ್ಟಿಗೆಯನ್ನು ನಿಮ್ಮೆದುರಿಗೇ ಬಿಚ್ಚುತ್ತೇನೆ, ಗೆದ್ದರೆ. ಅದು ಯಾವ ಬೈಕಿನದು, ಹರಾಜು ಯಾವ ತಾಣದಲ್ಲಿದೆ ಎಂದು ಇವತ್ತು ಹೇಳಲಾರೆ, ಏಕೆಂದರೆ ಅದು ಮುಗಿಯಲು ಇನ್ನೂ ಎರಡು ದಿನವಿದೆ, ನಾನು ಇನ್ನೂ ಬಿಡ್ ಹಾಕಿಲ್ಲ.